ರಾಡ್ ಬಾಯಾರು

ಕಳೆದ ತಿಂಗಳು ಹಾವೇರಿಯಲ್ಲಿ ನಮ್ಮ ಹಳೆಯ ಮೇಡಮ್ಮರ ಬೀಳ್ಕೊಡುಗೆ ಸಮಾರಂಭ ಇತ್ತು. ನಾನು ಅವರಿಗಿಂತ ಮೊದಲೇ ನಿವೃತ್ತನಾಗಿ ಬ್ಯಾಡಗಿಯ ಮನೆಯಲ್ಲಿ ಪೇಪರು ಓದಿಕೊಂಡು ಕೂತವನು. ಕರೆ ಬಂದಿತ್ತೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಾತಾಡಿದವರೆಲ್ಲ ಅವರನ್ನು ಹೊಗಳಿದರು. ನನಗಿಂತಲೂ ಹಿರಿಯರಾದ ಒಬ್ಬ ನಿವೃತ್ತ ಅಧಿಕಾರಿ ಅವರನ್ನು ಮಹಾತಾಯಿ ಎಂದರು. ಇನ್ನೊಬ್ಬರು ಅವರು ಡಬ್ಬಿಯಲ್ಲಿ ತರುತ್ತಿದ್ದ ಶೇಂಗಾ ಚಟ್ನಿಯ ರುಚಿಯನ್ನು ನೆನೆದು ಕಣ್ಣು ಮುಚ್ಚಿಕೊಂಡರು. ಮೂರನೆಯವರು, ಅಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಒಂದು ದಿನವೂ ದನಿ ಎತ್ತರಿಸಲಿಲ್ಲ, ಹೆಣ್ಣುಮಕ್ಕಳು ಹಾಗಿರಬೇಕು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅವರು ದನಿ ಎತ್ತರಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಮೂರನೆಯವರೂ ಕೇಳಿದ್ದಾರೆ. ಅಷ್ಟು ಹೊತ್ತಿನ ಕಾರ್ಯಕ್ರಮದಲ್ಲಿ ಅವರು ಎಲೆಕ್ಟ್ರಿಕಲ್ ಎಂಜಿನಿಯರ್ ಎಂಬ ವಿಷಯ ಒಂದೇ ಕಡೆ ಬಂತು, ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ. ‘ನಮ್ಮ ಭಾಗದ ಮೊದಲ ಮಹಿಳಾ ವಿದ್ಯುತ್ ಎಂಜಿನಿಯರ್’ ಎಂದು ಅಲ್ಲಿ ಬರೆದಿತ್ತು.

ಕೊನೆಗೆ ಅವರ ಕೈಗೆ ಮೈಕು ಕೊಟ್ಟರು. ಅವರು ಬ್ಯಾನರಿನ ಕಡೆ ಒಮ್ಮೆ ತಿರುಗಿ ನೋಡಿದರು.

“ಮೊದಲನೇಕಿ ಅಂದ್ರ, ನನಗಿಂತ ಮೊದಲ ಯಾರನ್ನೂ ಒಳಗ ಬಿಟ್ಟಿರಲಿಲ್ಲ ಅಂತ ಅರ್ಥ. ಅದ್ರಾಗ ನನ್ನ ಹೆಚ್ಚುಗಾರಿಕಿ ಏನೈತ್ರಿ? ಬಾಗಲಾ ಕಾಯತಿದ್ದವರನ್ನ ಕೇಳ್ರಿ,” ಎಂದು ಹೇಳಿ ಕೂತುಬಿಟ್ಟರು.

ಸಭೆ ಅದನ್ನು ತಮಾಷೆ ಎಂದು ತಿಳಿದು ಮತ್ತೆ ಚಪ್ಪಾಳೆ ತಟ್ಟಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, “ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರೀ?” ಎಂದು ಕೇಳುತ್ತಾರೆ.

ಸುಮಾರು ಹತ್ತು ವರ್ಷಗಳ ಹಿಂದೆ ಅವರು ಬ್ಯಾಡಗಿಯ ಕರೆಂಟ್ ಆಫೀಸಿಗೆ ಮುಖ್ಯಸ್ಥರಾಗಿ ಬಂದರು. ನಾನಲ್ಲಿ ಗುಮಾಸ್ತ. ಅವರು ಬಂದದ್ದು ಮೆಣಸಿನಕಾಯಿಯ ಸುಗ್ಗಿಯಲ್ಲಿ. ಆ ದಿನಗಳಲ್ಲಿ ಊರಿನ ಗಾಳಿಯನ್ನೇ ಹುರಿದಂತಿರುತ್ತದೆ. ನಮಗೆ ಅದರ ಪರಿವೆ ಇರುವುದಿಲ್ಲ, ಹೊರಗಿನವರ ಕಣ್ಣು ಮೂಗುಗಳಿಗೆ ಇರುತ್ತದೆ. ಅವರು ಬಂದು ಕುರ್ಚಿಯ ಮೇಲೆ ಕೂತು, ಹಾಜರಿ ಪುಸ್ತಕಕ್ಕೆ ಸಹಿ ಹಾಕುವಷ್ಟರಲ್ಲಿ ಎರಡೂ ಕಣ್ಣುಗಳಿಂದ ನೀರು ಧಾರಾಕಾರ ಇಳಿಯುತ್ತಿತ್ತು. ನಮ್ಮ ಹೆಡ್‌ಕ್ಲಾರ್ಕರು ಮೆತ್ತನೆಯ ಮನಸ್ಸಿನವರು. ಹತ್ತಿರ ಹೋಗಿ, “ಅಳಬ್ಯಾಡ್ರಿ ಮೇಡಂ. ಊರು ಛಲೋ ಐತ್ರಿ. ಜನಾನೂ ಹೊಂದಿಕೊಂಡು ಹೋಗ್ತಾರ,” ಎಂದರು.

ಅವರು ಸೀನಿ, ಮೂಗು ಒರೆಸಿಕೊಂಡು, “ಅಳಾಕತ್ತಿಲ್ರಿ. ಘಾಟು ಬಡದೈತಿ. ಅದಿರಲಿ, ಪ್ಯಾಟಿ ಟ್ರಾನ್ಸ್‌ಫಾರ್ಮರಿನ ಲೋಡು ಎಷ್ಟೈತಿ ಹೇಳ್ರಿ,” ಎಂದರು.

ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ ಹಬ್ಬಿತು, ಹೊಸ ಎಂಜಿನಿಯರ್ ಬಾಯಾರು ಬಂದ ದಿನವೇ ಅತ್ತರಂತೆ ಎಂದು. ಲೋಡಿನ ವಿಷಯ ಯಾರೂ ಹಬ್ಬಿಸಲಿಲ್ಲ.

ಮೊದಲ ಕೆಲವು ತಿಂಗಳು ಜನ ಅವರ ಎದುರೇ ಕೂತು ಸಾಹೇಬರಿಗಾಗಿ ಕಾಯುತ್ತಿದ್ದರು. ಒಬ್ಬ ದಲಾಲಿ ಅಂಗಡಿಯವರ ಕಥೆ ಚೆನ್ನಾಗಿದೆ. ಅವರು ಒಳಗೆ ಬಂದು, “ಸಾಹೇಬ್ರು ಇಲ್ಲೇನ್ರೀ ಬಾಯಾರ?” ಎಂದರು.

“ಕುಂದ್ರಿ. ಏನು ಕೆಲಸ ಇತ್ತು?”

ಅವರು ಮೀಟರಿನ ದೂರು ಹೇಳಿದರು. ಮೇಡಂ ಕೇಳಿ, ಫೋನ್ ಎತ್ತಿ ಸೆಕ್ಷನ್ನಿನವರಿಗೆ ಹೇಳಿ, ಕಾಗದದ ಮೇಲೆ ಸಹಿ ಮಾಡಿ, “ನಾಳೆ ಮುಂಜಾನೆ ಮಂದಿ ಬಂದು ಮೀಟರ್ ಬದಲಿ ಮಾಡ್ತಾರ್ರಿ,” ಎಂದರು.

“ಭಾಳ ಉಪಕಾರ ಆತ್ರಿ. ಆದ್ರೂ ಸಾಹೇಬ್ರ ಕಿವಿಗೆ ಒಂದು ಮಾತು ಹಾಕಿ ಹೊಕ್ಕೇನಿ. ಎಷ್ಟೊತ್ತಿಗೆ ಬರ್ತಾರ್ರಿ?”

ಮೇಡಂ ಗಡಿಯಾರ ನೋಡಿ, ಬಹಳ ಗಂಭೀರವಾಗಿ, “ಇವತ್ತು ಬರೂದು ಜರಾ ಕಷ್ಟ ಐತ್ರಿ,” ಎಂದರು. ಆ ಮನುಷ್ಯ ಹೊರಗೆ ಬೆಂಚಿನ ಮೇಲೆ ಊಟದ ಹೊತ್ತಿನವರೆಗೂ ಕಾದು ಹೋದ. ಮರುದಿನ ಮೀಟರ್ ಬದಲಾಯಿತು. ಸಾಹೇಬರು ಕಣ್ಣಿಗೆ ಬೀಳದಿದ್ದರೂ ಕೆಲಸಗಾರರು ಎಂದು ಆತ ಪೇಟೆಯಲ್ಲಿ ಹೊಗಳಿದ್ದನ್ನು ನಾನೇ ಕೇಳಿದೆ.

ಅವರ ತವರು ಹಾವೇರಿ. ಗಂಡನ ಮನೆ ರಾಣೆಬೆನ್ನೂರು. ಗಂಡನಿಗೆ ಅಲ್ಲಿ ಬೀಜದ ಅಂಗಡಿ. ಅವರು ದಿನಾ ಗಾಡಿ ಹಿಡಿದು ಬ್ಯಾಡಗಿಗೆ ಬಂದು ಹೋಗುತ್ತಿದ್ದರು. ಗಂಡ ಒಳ್ಳೆಯ ನಗೆಯ ಮನುಷ್ಯ. ಮಾರ್ಕೆಟ್ಟಿನ ಕೆಲಸಕ್ಕೆ ಬಂದಾಗ ನಮ್ಮ ಆಫೀಸಿನಲ್ಲಿ ಚಹಾ ಕುಡಿಯುತ್ತ ಹೆಂಡತಿಯ ಎದುರೇ ಮನೆಯ ಕಥೆ ಹೇಳುತ್ತಿದ್ದರು. ಅವರ ತಾಯಿಗೆ, ಅಂದರೆ ಮೇಡಮ್ಮರ ಅತ್ತೆಗೆ, ಸೊಸೆ ಕರೆಂಟಿನ ಕೆಲಸ ಮಾಡುತ್ತಾಳೆ ಎಂದು ಗೊತ್ತು. ಆದರೆ ಮನೆಯ ಕರೆಂಟಿಗೂ ಅದಕ್ಕೂ ಸಂಬಂಧ ಇದೆ ಎಂದು ಅವರು ಒಪ್ಪಿರಲಿಲ್ಲ. ಒಮ್ಮೆ ಮನೆಯ ಫ್ಯೂಸ್ ಹೋಯಿತು. ಮೇಡಂ ಸ್ಟೂಲು ಎಳೆದುಕೊಂಡರೆ ಅತ್ತೆ ಕೈ ಹಿಡಿದರು.

“ನೀ ಮುಟ್ಟಬ್ಯಾಡವಾ. ಕರೆಂಟು ಅಂದ್ರ ಹೆಣ್ಮಕ್ಕಳ ಆಟ ಅಲ್ಲ. ವೈರ್‌ಮನ್ನನ್ನ ಕರಸು.”

ವೈರ್‌ಮನ್ ಬಂದ. ಬಾಗಿಲಲ್ಲಿ ಮೇಡಮ್ಮರನ್ನು ಕಂಡು ಬಂದ ದಾರಿಯಲ್ಲೇ ವಾಪಸು ಹೋಗಲು ನೋಡಿದ. ಆದರೂ ಅತ್ತೆ ಬಿಡಲಿಲ್ಲ. ಮೇಡಂ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತರು, ಅವನು ಫ್ಯೂಸ್ ಕಟ್ಟಿದ. ಅತ್ತೆ ಸೊಸೆಗೆ, “ಸರಿಯಾಗಿ ನೋಡ್ಕೊಳ್ಳವಾ, ಒಂದೀಟು ಕಲತಂಗ ಆಕ್ಕೈತಿ,” ಎಂದರಂತೆ.

“ನೋಡಿ ಕಲತೆ ಮತ್ತ,” ಎಂದು ಮೇಡಂ ಫೈಲಿನಿಂದ ತಲೆ ಎತ್ತದೆ ಹೇಳಿದರು.

ಅವರ ಕೈಯಲ್ಲಿ ಬಂಗಾರ ಇರುತ್ತಿರಲಿಲ್ಲ, ಹಸಿರು ಗಾಜಿನ ಬಳೆ ಮಾತ್ರ. ಇಷ್ಟು ಪಗಾರ ಇದ್ದೂ ಯಾಕೆ ಹೀಗೆ ಎಂದು ನಮ್ಮ ಆಫೀಸಿನ ಹೆಣ್ಣುಮಗಳೊಬ್ಬಳು ಕೇಳಿದಾಗ ಅವರು ಹೇಳಿದ್ದು: “ಗಾಜಿನ್ಯಾಗ ಕರೆಂಟು ಹರಿಯೂದಿಲ್ಲ. ಅತ್ತಿಯವ್ರಿಗೆ ಮುತ್ತೈದಿತನ, ನನಗ ಇನ್ಸುಲೇಶನ್. ಇಬ್ಬರದೂ ನಡೀತು.”

ಮೊದಲ ನೌಕರಿಯ ಒಂದು ಸಬ್‌ಸ್ಟೇಷನ್ನಿನ ಕಥೆಯನ್ನು ಅವರೇ ಹೇಳುತ್ತಿದ್ದರು. ಅಲ್ಲಿ ಗಂಡಸರಿಗೆ ಇಡೀ ಹೊಲ ಇತ್ತು, ಹೆಂಗಸಿಗೆ ಒಂದು ಶೌಚಾಲಯ ಇರಲಿಲ್ಲ. ಇವರು ಅರ್ಜಿ ಬರೆದರು, ಮತ್ತೆ ಬರೆದರು. ಕೆಲ ವರ್ಷಗಳ ಮೇಲೆ ಮಂಜೂರಾಗಿ, ಗೋಡೆ ಎದ್ದು, ಬಾಗಿಲಿಗೆ ‘ಮಹಿಳೆಯರಿಗೆ’ ಎಂದು ಬಣ್ಣದಲ್ಲಿ ಬರೆಯುವ ಹೊತ್ತಿಗೆ ಇವರಿಗೆ ವರ್ಗವಾಯಿತು. ಮುಂದೆ ಯಾವಾಗಲೋ ಅತ್ತ ಹೋದಾಗ ಕುತೂಹಲಕ್ಕೆ ನೋಡಿದರೆ ಬೀಗ ಹಾಕಿತ್ತು. “ಯಾಕ್ರಿ?” ಎಂದರೆ, ಅಲ್ಲಿಯವನು ಹೆಮ್ಮೆಯಿಂದ, “ಹೊಲಸು ಮಾಡ್ತಾರ್ರಿ ಮೇಡಂ. ನೀವು ಬಿಟ್ಟು ಹೋದಂಗ ಸ್ವಚ್ಛ ಇಟ್ಟೇವಿ,” ಎಂದನಂತೆ.

ಆದರೆ ಊರಿನ ಬಾಯಲ್ಲಿ ಅವರು ಉಳಿದದ್ದು ಈ ಯಾವುದರಿಂದಲೂ ಅಲ್ಲ. ಉಳಿದದ್ದು ರಾಡಿನಿಂದ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನನ್ನು ಬಂದ್ ಮಾಡಿಸುತ್ತಾನೆ. ಅಷ್ಟಕ್ಕೇ ಮುಗಿಯಲಿಲ್ಲ. ಕೆಲಸ ಮಾಡುವ ಜಾಗದ ಆಚೆ ಒಂದು, ಈಚೆ ಒಂದು ಉದ್ದನೆಯ ರಾಡು ತಂತಿಗೆ ಸಿಕ್ಕಿಸಿ, ಅದರ ವಾಯರನ್ನು ನೆಲದೊಳಗೆ ಹುಗಿದ ಗೂಟಕ್ಕೆ ಕಟ್ಟಬೇಕು. ಆಮೇಲೆ ಯಾವ ಕಡೆಯಿಂದ ಅಪ್ಪಿತಪ್ಪಿ ಕರೆಂಟು ಬಂದರೂ ಅದು ಮನುಷ್ಯನ ಮೈಗೆ ಬರದೆ ನೆಲಕ್ಕೆ ಇಳಿದುಹೋಗುತ್ತದೆ. ಇದು ಪುಸ್ತಕದಲ್ಲಿ ಇರುವ ಮಾತು. ಪುಸ್ತಕದಲ್ಲಿದೆ ಎಂದೇ ಯಾರೂ ಮಾಡುತ್ತಿರಲಿಲ್ಲ. ರಾಡು ಭಾರ, ಹೊರಬೇಕು, ಗೂಟ ಹುಗಿಯಬೇಕು, ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಜನ ಫೋನ್ ಮಾಡಿ ಬೈಯುತ್ತಾರೆ.

ಮೇಡಂ ಬಂದ ಮೇಲೆ ರಾಡು ಹಚ್ಚದೆ ಯಾರೂ ಕಂಬ ಮುಟ್ಟುವಂತಿರಲಿಲ್ಲ. ಹಚ್ಚಿದ್ದನ್ನು ಫೋಟೋ ಹೊಡೆದು ಕಳಿಸಬೇಕು. ಹಳೆಯ ಫೋಟೋ ಕಳಿಸಿದರೆ ಹಿಂದಿನ ಗಿಡದ ಎಲೆ ನೋಡಿ ಕಂಡುಹಿಡಿಯುತ್ತಿದ್ದರು. ಅವರಿಗೆ ರಾಡ್ ಬಾಯಾರು ಎಂದು ಹೆಸರು ಬಿತ್ತು. ಅಂಜುಬುರುಕಿ ಎಂಬುದು ಇನ್ನೂ ಮೆಲ್ಲಗೆ ಆಡುತ್ತಿದ್ದ ಹೆಸರು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಬಸವಣ್ಣೆಪ್ಪನಿಗೆ. ಅವನು ನಮ್ಮ ಹಿರಿಯ ಲೈನ್‌ಮನ್. ಮೀಸೆ, ಕುಂಕುಮ, ಕಂಬ ಹತ್ತಿದರೆ ಬೆಕ್ಕು. ಆಫೀಸಿಗೇ ಬಂದು ಹೇಳಿದ: “ಮೇಡಂ, ನಾ ಕಂಬಾ ಹತ್ತಾಕ ಸುರು ಮಾಡಿದಾಗ ನೀವಿನ್ನಾ ಸಾಲಿಗೆ ಹೊಕ್ಕಿದ್ರಿ. ನನಗ ತಂತಿ ನೋಡಿದ್ರ ಗೊತ್ತಾಕ್ಕೈತ್ರಿ, ಸತ್ತೈತೋ ಜೀವ ಐತೋ ಅಂತ.”

“ಖರೇ ಐತಿ ಬಸವಣ್ಣೆಪ್ಪ. ನನಗ ನೋಡಿದ್ರ ಗೊತ್ತಾಗೂದಿಲ್ಲ. ನನ್ನ ಸಲುವಾಗಿ ರಾಡು ಹಚ್ಚಿಬಿಡ್ರಿ,” ಎಂದರು ಮೇಡಂ.

ದೂರು ಹಾವೇರಿಗೆ ಹೋಯಿತು. ಬೇರೆ ಕಡೆ ಬೇಗ ಬರುವ ಕರೆಂಟು ಬ್ಯಾಡಗಿಯಲ್ಲಿ ಯಾಕೆ ತಡ ಎಂದು ಮೇಲಿನ ಸಾಹೇಬರು ಮೀಟಿಂಗಿನಲ್ಲೇ ಕೇಳಿದರು. ಆಮೇಲೆ ದೊಡ್ಡ ಮನಸ್ಸು ಮಾಡಿ ತಾವೇ ಉತ್ತರವನ್ನೂ ಕೊಟ್ಟರು. “ಇರಲಿ ಬಿಡ್ರಿ. ಹೆಣ್ಮಕ್ಕಳಿಗೆ ಒಂದೀಟು ಅಂಜಿಕಿ ಇರೂದು ಸಹಜ.”

ಮೇಡಂ ಎದ್ದು ನಿಂತು, “ಹೌದ್ರಿ ಸರ. ಅಂಜಿಕಿ ಐತಿ. ಅದಕ್ಕ ಎರಡು ರಾಡು ಹಚ್ಚಸ್ತೇನಿ. ಅಂಜಿಕಿ ಹೆಚ್ಚಾದ್ರ ಮೂರು ಹಚ್ಚಸ್ತೇನಿ,” ಎಂದರು. ಸಾಹೇಬರು ನೀರು ಕುಡಿದರು.

ಆ ಮೀಟಿಂಗಿನಿಂದ ವಾಪಸು ಬರುವಾಗಲೇ ಅದು ನಡೆಯಿತು. ಫೈಲು ಹೊರುವುದಕ್ಕೆಂದು ನನ್ನನ್ನೂ ಕರೆದೊಯ್ದಿದ್ದರು, ಹಾಗಾಗಿ ಜೀಪಿನಲ್ಲಿ ನಾನಿದ್ದೆ. ಮಧ್ಯಾಹ್ನ. ಹಿಂದಿನ ದಿನದ ಅಡ್ಡಮಳೆಗೆ ಮೋಟೆಬೆನ್ನೂರಿನ ಕಡೆಯ ದಾರಿಯಲ್ಲಿ ಬೇವಿನ ಟೊಂಗೆ ಮುರಿದು ಲೈನಿನ ಮೇಲೆ ಬಿದ್ದಿತ್ತು. ಬಸವಣ್ಣೆಪ್ಪ ಮತ್ತು ಇನ್ನಿಬ್ಬರು ಕಂಬದ ಕೆಳಗೆ ನಿಂತಿದ್ದರು. ಆ ಲೈನು ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿಗೂ ಹೋಗುತ್ತಿತ್ತು. ಅದರ ಮ್ಯಾನೇಜರು ಒಂದು ಗಳಿಗೆಗೊಮ್ಮೆ ಮೊಬೈಲು ಕಿವಿಗೆ ಹಚ್ಚಿಕೊಂಡು, ಒಳಗೆ ಮೆಣಸಿನಕಾಯಿ ಚೀಲ ಹಾಳಾಗುತ್ತವೆ ಎಂದು ಕೂಗಾಡುತ್ತಿದ್ದರು.

ಮೇಡಂ ಜೀಪು ನಿಲ್ಲಿಸಿ ಇಳಿದು, ಮೊದಲು ಮೇಲೆ ನೋಡಿದರು, ಆಮೇಲೆ ಸುತ್ತ. “ರಾಡು ಎಲ್ಲಿ ಅದಾವ?”

ರಾಡು ಇನ್ನೊಂದು ಗಾಡಿಯಲ್ಲಿ ಊರಾಚೆ ಹೋಗಿದ್ದವು.

“ಮೇಡಂ, ಲೈನ್ ಬಂದ್ ಮಾಡಸೇನ್ರಿ. ಸತ್ತೈತ್ರಿ ಅದು,” ಎಂದ ಬಸವಣ್ಣೆಪ್ಪ. “ಹತ್ತಿ ಇಳಿಯೂದು ಎಷ್ಟೊತ್ತಿನ ಮಾತು?”

“ಸತ್ತಿದ್ರ ಎದ್ದು ಓಡಿ ಹೋಗೂದಿಲ್ಲಲ್ಲ. ತಡೀರಿ. ರಾಡು ಬರಲಿ.”

ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ಗಂಡಸು, ಕೈಯಲ್ಲಿ ಫೈಲು ಬೇರೆ ಇತ್ತು. “ನೀವಾದ್ರೂ ಹೇಳ್ರಿ ಸಾಹೇಬ್ರ,” ಎಂದರು. ನಾನು ಫೈಲನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಮೇಡಂ ರಸ್ತೆಯ ಮೋರಿಯ ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ಬಿಡಿಸಿ ತಿನ್ನುತ್ತ ಕಾದರು. ಬಸವಣ್ಣೆಪ್ಪನ ಮುಖ ಕೆಂಪಾಗಿತ್ತು. ಅರ್ಧ ತಾಸಿನ ಮೇಲೆ ರಾಡು ಬಂದವು. ಆಚೆ ಕಂಬಕ್ಕೊಂದು, ಈಚೆ ಕಂಬಕ್ಕೊಂದು ಹಚ್ಚಿದರು. ಅವರು ಹೋಗಿ ಗೂಟಗಳನ್ನು ಕಾಲಿನಿಂದ ಒದ್ದು ನೋಡಿ, ಒಂದು ಸಡಿಲವಿದೆ ಎಂದು ಮತ್ತೆ ಹುಗಿಸಿದರು. ಆಮೇಲೆ, “ಹತ್ರಿ,” ಎಂದರು.

ಬಸವಣ್ಣೆಪ್ಪ ಹತ್ತಿ ಟೊಂಗೆ ಬಿಡಿಸಿ, ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡಿದ್ದಾಗ ಕೋಲ್ಡ್ ಸ್ಟೋರೇಜಿನ ಕಡೆಯಿಂದ ಜನರೇಟರ್ ಶುರುವಾದ ಸದ್ದು ಬಂತು. ಮರುಕ್ಷಣ ಈಚೆ ಕಂಬದ ರಾಡಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ನೆಲಕ್ಕೆ ಇಳಿಬಿಟ್ಟ ವಾಯರು ಹಾವಿನಂತೆ ಹೊರಳಿತು. ಕೋಲ್ಡ್ ಸ್ಟೋರೇಜಿನೊಳಗೆ ಢಂ ಎಂದಿತು, ಗೋಡೆಯಾಚೆ ಕಪ್ಪು ಹೊಗೆ ಎದ್ದಿತು, ಜನರೇಟರು ಕೆಮ್ಮಿ ನಿಂತಿತು. ಆಮೇಲೆ ಏನೂ ಸದ್ದಿಲ್ಲ.

ಆಮೇಲೆ ಗೊತ್ತಾದದ್ದು ಇಷ್ಟು. ಕರೆಂಟಿಗೆ ಕಾದು ಸಾಕಾಗಿ ಒಳಗಿನವರು ಜನರೇಟರ್ ಹಚ್ಚಿದ್ದರು. ಜನರೇಟರ್ ಹಚ್ಚುವವರು ಮೊದಲು ತಮ್ಮ ಕಟ್ಟಡವನ್ನು ಊರಿನ ಲೈನಿನಿಂದ ಬೇರೆ ಮಾಡಿಕೊಳ್ಳಬೇಕು. ಅದಕ್ಕೆಂದೇ ಇರುವ ಸ್ವಿಚ್ ಅಲ್ಲಿ ಕೆಟ್ಟಿತ್ತು. ಯಾರೋ ತಂತಿ ಸುತ್ತಿ ‘ಸದ್ಯಕ್ಕೆ ನಡೀತೈತಿ’ ಎಂದು ಬಿಟ್ಟಿದ್ದರು. ಜನರೇಟರಿನ ಕರೆಂಟು ಹಿಂದಕ್ಕೆ ತಿರುಗಿ, ನಾವು ಸತ್ತಿದೆ ಎಂದುಕೊಂಡ ಲೈನಿಗೆ ನುಗ್ಗಿತ್ತು. ರಾಡು ಅದನ್ನು ನೆಲಕ್ಕೆ ಎಳೆದುಕೊಂಡಿತ್ತು.

ಇವೆಲ್ಲ ಆಮೇಲಿನ ಮಾತು. ಆಗ ಬಸವಣ್ಣೆಪ್ಪ ಕಂಬವನ್ನು ತಬ್ಬಿಕೊಂಡು ಮೇಲೆಯೇ ಉಳಿದಿದ್ದ. ಅವನಿಗೆ ಏನೂ ತಾಕಿರಲಿಲ್ಲ. ಆದರೆ ಇಳಿಯುತ್ತಿರಲಿಲ್ಲ.

“ಬಸವಣ್ಣೆಪ್ಪ, ಇಳೀರಿ,” ಎಂದರು ಮೇಡಂ.

“ಕಾಲು ಬರವಲ್ಲವ್ರಿ ಮೇಡಂ,” ಎಂದ. ಅವನ ದನಿ ನನಗೆ ಗುರುತೇ ಸಿಗಲಿಲ್ಲ.

ಮೇಡಂ ಒಬ್ಬನನ್ನು ಕೋಲ್ಡ್ ಸ್ಟೋರೇಜಿಗೆ ಓಡಿಸಿ, ಜನರೇಟರಿನ ಹತ್ತಿರ ಯಾರನ್ನೂ ಬಿಡಬೇಡ ಎಂದರು. ಆಗ ಅವರು ಎತ್ತಿದ ದನಿ ಮೋಟೆಬೆನ್ನೂರಿಗೂ ಕೇಳಿಸಿರಬೇಕು. ಆಮೇಲೆ ಕಂಬದ ಬುಡಕ್ಕೆ ಬಂದು, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವವರ ಹಾಗೆ ಕೇಳಿದರು.

“ಮುಂಜಾನೆ ಏನು ಉಂಡಿದ್ರಿ?”

ಮೇಲಿನಿಂದ ಉತ್ತರ ಬರಲು ಹೊತ್ತು ಹಿಡಿಯಿತು. “ರೊಟ್ರಿ.”

“ಒಂದು ಕಾಲು ಕೆಳಗ ಇಡ್ರಿ. ಹಾಂ. ಯಾವ ಪಲ್ಯ?”

“ಪುಂಡಿಪಲ್ಯೇರಿ.”

“ಇನ್ನೊಂದು ಕಾಲು. ಬೆಳ್ಳೊಳ್ಳಿ ಒಗ್ಗರಣಿ ಹಾಕಿದ್ರೋ ಇಲ್ಲೋ?”

“ಹಾಕಿದ್ರಿ.”

ಹೀಗೆ ಪಲ್ಯ, ಚಟ್ನಿ, ಎಮ್ಮೆ, ಎಮ್ಮೆಯ ಕರು ಎಂದು ಒಂದೊಂದಾಗಿ ಕೇಳುತ್ತ ಅವನನ್ನು ನೆಲಕ್ಕೆ ಇಳಿಸಿಕೊಂಡರು. ಅವನು ಕೆಳಗೆ ಬಂದು ಕುಸಿದು ಕೂತ. ಮೇಡಂ ಜೀಪಿನ ಹಿಂದಕ್ಕೆ ಹೋದರು. ನಾನು ನೀರಿನ ಬಾಟಲಿ ಕೊಡಲು ಹೋದರೆ ಅವರಿಗೆ ಅದರ ಮುಚ್ಚಳ ತಿರುಗಿಸಲಾಗಲಿಲ್ಲ. ಬಳೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು. ನಾನು ತೆಗೆದುಕೊಟ್ಟೆ.

ಇಷ್ಟಾದ ಮೇಲೆ ಊರು ಅವರನ್ನು ಹೊತ್ತು ಮೆರೆಸಿರಬೇಕು ಎಂದು ಓದುವವರಿಗೆ ಅನಿಸಬಹುದು. ಮೂರನೆಯ ದಿನ ಅವರ ಮೇಲೆ ದೂರು ಬಂತು. ಕೋಲ್ಡ್ ಸ್ಟೋರೇಜಿನ ಸಾವುಕಾರರು ಕೊಟ್ಟದ್ದು. ಲೈನು ಬಂದ್ ಆಗಿದ್ದರೂ ಅಧಿಕಾರಿಣಿಯವರು ಅನವಶ್ಯಕವಾಗಿ ರಾಡು ಹಚ್ಚಿಸಿದ್ದರಿಂದ ತಮ್ಮ ಜನರೇಟರು ಸುಟ್ಟುಹೋಗಿದೆ, ವಿಚಾರಣೆ ಆಗಬೇಕು ಎಂದು.

ವಿಚಾರಣೆ ಹಾವೇರಿಯಲ್ಲಿ ಆಯಿತು. ಮೇಲಿನ ಸಾಹೇಬರೂ ಇನ್ನಿಬ್ಬರೂ ಕೂತಿದ್ದರು. ಟಿಪ್ಪಣಿ ಬರೆದುಕೊಳ್ಳಲು ನಾನು ಮೂಲೆಯಲ್ಲಿದ್ದೆ.

“ರಾಡಿನಿಂದ ಜನರೇಟರ್ ಸುಟ್ಟಿದ್ದು ಖರೇ ಏನ್ರಿ?”

“ಖರೇ ಐತ್ರಿ ಸರ,” ಎಂದರು ಮೇಡಂ. “ಸಾವುಕಾರ್ರ ಮಾತಿನ್ಯಾಗ ಒಂದೂ ಸುಳ್ಳಿಲ್ಲ. ರಾಡು ಹಚ್ಚಿರಲಿಲ್ಲ ಅಂದ್ರ ಜನರೇಟರ್ ಉಳೀತಿತ್ತು.”

ಸಾಹೇಬರು ಬಸವಣ್ಣೆಪ್ಪನನ್ನು ಒಳಗೆ ಕರೆಸಿದರು. ನನಗೆ ಧೈರ್ಯ ಬಂತು. ಬದುಕಿ ಬಂದವನೇ ಸಾಕ್ಷಿ ಹೇಳುತ್ತಾನೆ, ಇನ್ನೇನು ಬೇಕು?

“ನೀವು ಹೆಂಗ ಉಳದ್ರಿ, ಹೇಳ್ರಿ,” ಎಂದರು ಸಾಹೇಬರು.

ಬಸವಣ್ಣೆಪ್ಪ ಸಾಹೇಬರನ್ನು ನೋಡಿದ, ಮೇಡಮ್ಮರನ್ನು ನೋಡಿದ, ನೆಲ ನೋಡಿದ. ಕೈ ಮುಗಿದು, “ಕದರಮಂಡಲಗಿ ಹನುಮಪ್ಪ ಉಳಿಸಿದನ್ರಿ,” ಎಂದ.

ಮೂವರಿಗೂ ಎಷ್ಟು ನಿರಾಳವಾಯಿತೆಂದರೆ ಸಾಹೇಬರು ಎಲ್ಲರಿಗೂ ಚಹಾ ಹೇಳಿದರು. ದೇವರು ಉಳಿಸಿದ ಮೇಲೆ ಯಾರ ತಪ್ಪೂ ಇಲ್ಲ, ಯಾರ ಹೆಚ್ಚುಗಾರಿಕೆಯೂ ಇಲ್ಲ. ಸಾವುಕಾರರಿಗೆ ಹೊಸ ಸ್ವಿಚ್ ಹಾಕಿಸಿಕೊಳ್ಳಲು ಸೂಚಿಸಿದರು. ಮೇಡಮ್ಮರಿಗೆ ಗ್ರಾಹಕರೊಂದಿಗೆ ಸೌಜನ್ಯದಿಂದ ವರ್ತಿಸಲು ಸೂಚಿಸಿದರು. ಹನುಮಪ್ಪನಿಗೆ ಏನೂ ಸೂಚಿಸಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಹಿಂದೆ ಕೂತಿದ್ದ ಬಸವಣ್ಣೆಪ್ಪನಿಗೆ, “ರಾಡು ಅನ್ನಾಕ ಬಾಯಿಗೆ ಏನಾಗಿತ್ತೋ ಮಾರಾಯಾ?” ಎಂದೆ.

ಅವನು ಕಿಟಕಿಯಾಚೆ ನೋಡುತ್ತ, “ಬಾಯಿಗೆ ಬಂದಿತ್ರಿ,” ಎಂದ. “ಮೂರೂ ಮಂದಿ ಸಾಹೇಬ್ರು ನನ್ನ ಮೀಸಿ ನೋಡಾಕತ್ತಿದ್ರು. ಹೆಂಗಸಿನ ಮಾತು ಕೇಳಿ ಉಳದೆ ಅಂತ ಅವರ ಮುಂದ ಹೆಂಗ ಹೇಳ್ಲಿ?”

ನಾನು ಇನ್ನೂ ಏನೋ ಅನ್ನುವವನಿದ್ದೆ. ಮುಂದೆ ಕೂತಿದ್ದ ಮೇಡಂ ತಿರುಗಿ ನೋಡದೆ ಹೇಳಿದರು: “ಬಿಡ್ರಿ. ಅವರು ಅಂದಿದ್ದ ಛಲೋ ಆತು. ಹನುಮಪ್ಪಗ ಯಾರೂ ಎಕ್ಸ್‌ಪ್ಲನೇಶನ್ ಕೇಳಂಗಿಲ್ಲ.”

ಆಮೇಲೆ ಬಸವಣ್ಣೆಪ್ಪ ಕದರಮಂಡಲಗಿಗೆ ಹೋಗಿ ಹರಕೆ ತೀರಿಸಿ ಬಂದು, ಅದೇ ದಿನ ಮಧ್ಯಾಹ್ನ ತನ್ನ ಊರಿನ ಮನೆಯ ಮುಂದೆ ಊಟ ಇಟ್ಟುಕೊಂಡ. ಆಫೀಸಿನವರಿಗೆಲ್ಲ ಕರೆ. ನಾವು ಮೇಡಮ್ಮರ ಜೊತೆ ಜೀಪಿನಲ್ಲಿ ಹೋದೆವು. ಶಾಮಿಯಾನ ಹಾಕಿದ್ದರು, ಮೈಕಿನಲ್ಲಿ ಹನುಮಪ್ಪನ ಹಾಡು ಊರೆಲ್ಲ ಕೇಳುವಂತೆ ಹಚ್ಚಿದ್ದರು. ದೊಡ್ಡ ಬೋಗಾಣಿಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು.

ಮೇಡಂ ಇಳಿದವರೇ ರೂಢಿಯಂತೆ ಮೊದಲು ಮೇಲೆ ನೋಡಿದರು. ನೋಡಿ ಅಲ್ಲೇ ನಿಂತರು. ಬೀದಿಯ ಲೈನಿನ ತಂತಿಗೆ ಎರಡು ಕೊಕ್ಕೆ ಜೋತುಬಿದ್ದಿದ್ದವು. ಅದರಿಂದ ಇಳಿದ ವಾಯರು ನೇರ ಮೈಕ್ ಸೆಟ್ಟಿಗೆ ಹೋಗಿತ್ತು. ಮೀಟರಿಲ್ಲ, ಫ್ಯೂಸಿಲ್ಲ, ಮಕ್ಕಳು ಅದರ ಕೆಳಗೇ ಆಡುತ್ತಿದ್ದರು.

“ಯಾರು ಹಾಕಿದ್ದಿದು?”

ಬಸವಣ್ಣೆಪ್ಪ ಮೈತುಂಬ ಗಂಧ ಹಚ್ಚಿಕೊಂಡು ಎದುರಿಗೆ ಬಂದಿದ್ದ. “ನಾನ್ರಿ ಮೇಡಂ,” ಎಂದ.

“ಲೈನ್ ಬಂದ್ ಮಾಡಸಿ ಹಾಕಿದ್ರೇನು?”

ಅವನು ಕೊಕ್ಕೆಯ ಕಡೆ ನೋಡಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

“ಹನುಮಪ್ಪಗ ಇದೊಂದ ಕೆಲಸ ಅಲ್ಲಪಾ, ದಿನಾ ನಿಮ್ಮನ್ನ ಕಾಯಾಕ,” ಎಂದರು ಮೇಡಂ. ದನಿ ಎತ್ತರಿಸಿಯೇ ಎಂದರು. “ಫೋನ್ ಮಾಡಿ ಬಂದ್ ಮಾಡಸ್ರಿ. ಆಮ್ಯಾಲ ಕೊಕ್ಕಿ ತಗೀರಿ. ಅಲ್ಲೀತನಕ ನಾ ಎಡೀ ಮುಂದ ಕುಂದ್ರೂದಿಲ್ಲ.”

ಹಾಡು ನಡುವೆಯೇ ನಿಂತಿತು. ಬೀಗರು, ಊರವರು ಎಲ್ಲ ಎದ್ದು ನೋಡತೊಡಗಿದರು. ತಲೆಗೆ ಪಟಗ ಸುತ್ತಿದ್ದ ಹಿರಿಯರೊಬ್ಬರು, “ದೇವರ ಕಾರ್ಯದಾಗ ಈ ಬಾಯಾರದು ಏನಿದು?” ಎಂದು ಗೊಣಗಿದರು. ಬಸವಣ್ಣೆಪ್ಪ ಕೊಕ್ಕೆ ತೆಗೆದು ವಾಯರು ಸುತ್ತಿಟ್ಟ. ಅವನ ಕಿವಿಯವರೆಗೂ ರಕ್ತ ಏರಿತ್ತು.

“ಈಗ ಎಡೀ ಹಾಕ್ರಿ,” ಎಂದು ಮೇಡಂ ಪಂಕ್ತಿಯಲ್ಲಿ ಕೂತರು. “ನಾಳೆ ನೋಟಿಸ್ ಬರ್ತೈತಿ ಬಸವಣ್ಣೆಪ್ಪ. ನೋಟಿಸು ಬ್ಯಾರೆ, ಹುಗ್ಗಿ ಬ್ಯಾರೆ.”

ಊಟ ಮುಗಿಯುವವರೆಗೂ ಎಲೆಗಳ ಸದ್ದೊಂದೇ. ಕೈ ತೊಳೆದು ಎದ್ದಾಗ ಒಳಗಿನಿಂದ ಬಸವಣ್ಣೆಪ್ಪನ ಹೆಂಡತಿ ಗಂಗವ್ವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಇಟ್ಟುಕೊಂಡು ಬಂದಳು. ಮೇಡಮ್ಮರನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿಕೊಂಡು ಉಡಿ ತುಂಬಿದಳು. ಅಲ್ಲಿಯವರೆಗೆ ಅವರ ಮುಂದೆ ನಿಂತು ಮಾತಾಡಿದವಳೇ ಅಲ್ಲ. ಅವತ್ತು ಮೈಕು ಬಂದ್ ಆಗಿದ್ದರಿಂದ ಅವಳ ಸಣ್ಣ ದನಿ ಶಾಮಿಯಾನದ ಆಚೆ ಅಂಚಿನವರಿಗೂ ಕೇಳಿತು.

“ಅಕ್ಕಾರ, ನಾ ನಿಮ್ಮನ್ನ ಭಾಳ ಬೈದೇನ್ರಿ. ನೀವು ಬಂದಾಗಿಂದ ಇವರು ಹೊತ್ತಿಗೆ ಸರಿಯಾಗಿ ಮನಿಗೆ ಬಂದಿಲ್ಲ. ರೊಟ್ಟಿ ಆರಿ ಹೊಕ್ಕಾವ, ಆ ಬಾಯಾರಿಗೆ ಮನಿ ಮಾರು ಇಲ್ಲೇನು ಅಂತ ದಿನಾ ಬೈತಿದ್ದೆ.” ಅವಳು ಒಂದು ಹಿಡಿ ಅಕ್ಕಿ ಹಾಕಿದಳು. “ಇನ್ನ ಬೈಯೂದಿಲ್ರಿ. ರೊಟ್ಟಿ ಆರಿದ್ರ ಮತ್ತ ಬಿಸಿ ಮಾಡ್ತೇನಿ. ತಡಾ ಮಾಡಿನ ಕಳಸ್ರಿ ಅಕ್ಕಾರ. ಎಷ್ಟ ತಡಾ ಆದ್ರೂ ಅಡ್ಡಿಯಿಲ್ಲ.”

ಬಸವಣ್ಣೆಪ್ಪ ಸುತ್ತಿಟ್ಟ ವಾಯರನ್ನು ಕೈಯಲ್ಲಿ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

ಮೇಡಮ್ಮರ ಎರಡೂ ಕೈ ಸೆರಗಿನಲ್ಲಿದ್ದವು. ಎಲ್ಲರಿಗೂ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದ ಆ ಹೆಂಗಸು ಉಡಿಯಲ್ಲಿ ಬಿದ್ದ ಅಕ್ಕಿಯನ್ನು ನೋಡಿದರು. ಅದೇ ಮುಂಜಾನೆ ವಾಟ್ಸಾಪಿನಲ್ಲಿ ಅವರ ವರ್ಗಾವಣೆಯ ಆದೇಶ ಬಂದಿತ್ತು. ಹಾವೇರಿಯಲ್ಲಿ ಒಂದು ಮೇಜು, ಒಂದು ಕುರ್ಚಿ, ಕಂಬ ಎಲ್ಲೂ ಕಾಣದ ಕಿಟಕಿ. ನಮಗೆಲ್ಲ ಗೊತ್ತಿತ್ತು. ಬಸವಣ್ಣೆಪ್ಪನ ಮನೆಯಲ್ಲಿ ಕಾರ್ಯ ಇದೆ, ಇವತ್ತು ಯಾರೂ ಬಾಯಿ ಬಿಡಬೇಡಿ ಎಂದು ಅವರೇ ಹೇಳಿದ್ದರು.

“ಹೂಂ ಅವ್ವಾ,” ಎಂದರು. “ತಡಾ ಮಾಡಿನ ಕಳಸ್ತೇನಿ.”

ಬ್ಯಾಡಗಿಯಲ್ಲಿ ಅವರಿಗೆ ಉಳಿದದ್ದು ಒಂದೇ ವಾರ. ಆ ವಾರ ಬಸವಣ್ಣೆಪ್ಪ ಒಂದು ದಿನವೂ ಬಿಸಿ ರೊಟ್ಟಿಯ ಹೊತ್ತಿಗೆ ಮನೆ ಮುಟ್ಟಲಿಲ್ಲ.